ಅತ್ತೆಯವರ ಇಲ್ಲದ ರೋಗ

ನಮ್ಮ ಅತ್ತೆಯವರಿಗೆ ಒಂದು ರೋಗವಿದೆ. ಅದು ಅವರಿಗೆ ಇಲ್ಲ ಎಂದು ಬರೆದುಕೊಟ್ಟ ಕಾಗದವೂ ಇದೆ! ಎರಡನ್ನೂ ಅಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ರೋಗ ಹೊಟ್ಟೆಯಲ್ಲಿ, ಕಾಗದ ಟ್ರಂಕಿನಲ್ಲಿ.

ಸಂಗತಿ ಇಷ್ಟೇ. ಅವರಿಗೆ ಗೋಧಿ ಆಗುವುದಿಲ್ಲ. ಒಂದು ಚಪಾತಿ ತಿಂದರೆ ಸಾಕು, ಹೊಟ್ಟೆ ಹಲಗಿ ವಾದ್ಯದ ಹಾಗೆ ಬಿಗಿಯುತ್ತದೆ, ತಲೆ ಸಿಡಿಯುತ್ತದೆ, ಎರಡು ದಿನ ಕೈಕಾಲಿನಲ್ಲಿ ಜೀವವೇ ಇರುವುದಿಲ್ಲ. ಗದಗಿನಲ್ಲಿ ಪರೀಕ್ಷೆಗೆ ರಕ್ತ ಕೊಟ್ಟರು. ಹುಬ್ಬಳ್ಳಿಗೆ ಹೋಗಿ ಬಾಯಿಂದ ನಳಿಗೆ ಇಳಿಸಿಕೊಂಡು ಕರುಳನ್ನೂ ತೋರಿಸಿ ಬಂದರು. ಕೊನೆಗೆ ರಿಪೋರ್ಟು ನೋಡಿದ ಡಾಕ್ಟರು ಎರಡು ಮಾತು ಹೇಳಿದರು. ಮೊದಲನೆಯದು, "ಗೋಧಿಯಿಂದ ಕರುಳ ಕೆಡೂ ಸಿಲಿಯಾಕ್ ಅನ್ನೂ ರೋಗ ನಿಮಗಿಲ್ರಿ." ಎರಡನೆಯದು, "ಆದ್ರ ಕೆಲವ್ರಿಗೆ ಟೆಸ್ಟಿನ್ಯಾಗ ಏನೂ ಸಿಗಂಗಿಲ್ಲ, ಆದ್ರೂ ಗೋಧಿ ಒಗ್ಗಂಗಿಲ್ಲ. ಬಿಟ್ಟ ನೋಡ್ರಿ." ನಮ್ಮ ಯಜಮಾನರು ಮೊದಲನೆಯ ಮಾತು ಕೇಳಿ ಖುಷಿಯಿಂದ ಎದ್ದು ನಿಂತರು. ಅತ್ತೆ ಎರಡನೆಯ ಮಾತು ಪೂರ್ತಿ ಕೇಳಿಕೊಂಡೇ ಎದ್ದರು. ಅಲ್ಲಿಂದ ಶುರುವಾಯಿತು ನೋಡಿ ತಾಯಿ ಮಗನ ಜಗಳ!

ನಮ್ಮೂರು ಲಕ್ಷ್ಮೇಶ್ವರದ ಬಸ್ಸು ಹತ್ತಿದ ಕೂಡಲೇ ಮಗ ಸಮಾಧಾನ ಹೇಳಿದರು.

"ಯವ್ವಾ, ಏನೂ ಇಲ್ಲಂತ ಬರದ ಕೊಟ್ಟಾರ. ಇನ್ನ ಆರಾಮ ಚಪಾತಿ ತಿನ್ನು."

"ಕಾಗದದಾಗ ಇಲ್ಲಲೇ, ಹೊಟ್ಟ್ಯಾಗ ಐತಿ. ನಾ ಕೂಳ ಹಾಕೂದು ಹೊಟ್ಟಿಗೋ, ಕಾಗದಕ್ಕೋ?"

ಮುಂದಿನ ಸೀಟಿನವರೂ ತಿರುಗಿ ನೋಡಿದರು. ಅತ್ತೆಯವರಿಗೆ ಬೇಕಾಗಿದ್ದು ಔಷಧವಲ್ಲ. ಮನೆಯವರಲ್ಲಿ ಯಾರಾದರೂ ಒಬ್ಬರು "ಹೌದು, ನಿನಗೆ ಆಗುವುದಿಲ್ಲ" ಎಂದು ನಂಬಬೇಕಾಗಿತ್ತು, ಅಷ್ಟೇ. ಅದೊಂದನ್ನು ಮಾತ್ರ ನಾವು ಯಾರೂ ಕೊಡಲಿಲ್ಲ. ಮಗ "ಎಲ್ಲಾ ಮನಸ್ಸಿಂದು" ಎಂದು ಬಾಯಿ ಬಿಟ್ಟು ಹೇಳಿದರು. ಸೊಸೆಯಾದ ನಾನು ಮನಸ್ಸಿನಲ್ಲೇ ಹೇಳಿಕೊಂಡೆ.

ಜೋಳದ ಸೀಮೆಯಲ್ಲಿ ಇದ್ದುಕೊಂಡು ಗೋಧಿ ಬಿಡುವುದೇನು ಮಹಾ ಎನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಗಿರಣಿಗೆ ಹೋಗಿ ನೋಡಿ, ಆಮೇಲೆ ಮಾತಾಡಿ! ನಮ್ಮ ಓಣಿಯ ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ಜೋಳ ಸುರಿಯುತ್ತಾರೆ. ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟು ಜೋಳದ ಹಿಟ್ಟಿನ ಜೊತೆ ಬರುತ್ತದೆ. ಇದು ಎಲ್ಲರಿಗೂ ಗೊತ್ತು, ಯಾರಿಗೂ ಚಿಂತೆಯಿಲ್ಲ. ಅತ್ತೆ ಮಾತ್ರ ಸಾಲಿನಲ್ಲಿಟ್ಟ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು ನೋಡುತ್ತಾರೆ. ತಮ್ಮ ಮುಂದಿನ ಡಬ್ಬಿಯಲ್ಲಿ ಗೋಧಿ ಕಂಡಿತೋ, ತಮ್ಮ ಡಬ್ಬಿಯನ್ನು ಹಿಂದಕ್ಕೆ ತಳ್ಳುತ್ತಾರೆ. ಮುಂದೆ ಜೋಳದ ಡಬ್ಬಿ ಬರುವ ತನಕ ಹೀಗೇ ಹಿಂದೆ ಸರಿಯುವುದು. ಬೆಳಿಗ್ಗೆ ಎಂಟಕ್ಕೆ ಹೋದವರು ಮಧ್ಯಾಹ್ನ ಒಂದಕ್ಕೆ ಬಂದದ್ದಿದೆ! ಓಣಿಯ ಹೆಂಗಸರಿಗೋ ಹಬ್ಬ. "ಅವ್ವಾರು ಗಿರಣಿಗಿ ಹೊಂಟಾರ, ಗೋಧಿ ತಗೊಂಡ ನಡೀರಿ, ಜಲ್ದಿ ಪಾಳಿ ಸಿಗತೈತಿ" ಎಂದು ಒಬ್ಬರಿಗೊಬ್ಬರು ಖಬರು ಮುಟ್ಟಿಸುತ್ತಾರೆ.

ಒಮ್ಮೆ ಗಿರಣಿಯವನು ತಡೆಯಲಾರದೆ ಕೇಳಿದ, "ಅವ್ವಾರ, ಅಷ್ಟ ಧೂಳಿಲೆ ಏನಾಗತೈತ್ರಿ?"

"ನಿನ್ನ ಕಣ್ಣಾಗ ಒಂದ ಚಿಟಿಗಿ ಖಾರಪುಡಿ ಬಿದ್ರ ಏನಾಗತೈತಿ? ಚಿಟಿಗಿನ ಅಲ್ಲೇನ ಅದು?"

ಅವನು ಯಂತ್ರದ ಪಟ್ಟಾ ಸರಿಮಾಡುವ ನೆವ ಹೇಳಿ ಒಳಗೆ ಹೋದ.

ಆಮೇಲೆ ಇಂಗಿನ ಪ್ರಕರಣ. ಅತ್ತೆ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ, ಭೂತಗನ್ನಡಿ ಹಿಡಿದುಕೊಂಡು ಕಿರಾಣಿ ಅಂಗಡಿಗೆ ನಡೆದರು. ನನ್ನನ್ನೂ ಎಳೆದುಕೊಂಡು ಹೋದರು. ಇಂಗಿನ ಡಬ್ಬಿಯ ಮೇಲಿನ ಇರುವೆಯಂಥ ಅಕ್ಷರಗಳನ್ನು ನನ್ನಿಂದ ಓದಿಸಿದರು. ಓದಿದ ನನಗೇ ಗಾಬರಿಯಾಯಿತು, ಅದರಲ್ಲಿ ಗೋಧಿ ಹಿಟ್ಟಿತ್ತು!

"ಚಾಚಾ, ಇಂಗಿನ್ಯಾಗ ಗೋಧಿ ಐತಿ!" ಎಂದರು ಅತ್ತೆ, ಕಳ್ಳನನ್ನು ಹಿಡಿದ ದನಿಯಲ್ಲಿ.

ಅಂಗಡಿಯ ಚಾಚಾ ಕನ್ನಡಕ ಏರಿಸಿ, ಡಬ್ಬಿ ತಿರುಗಿಸಿ ಮುರುಗಿಸಿ ನೋಡಿದರು. "ಮೂವತ್ತ ವರ್ಷ ಆತ್ರಿ ಅವ್ವಾರ ಮಾರಾಕತ್ತಿ. ಇಂಗಿನ್ಯಾಗ ಇಂಗ ಇರತೈತಿ ಅಂತ ನಂಬ್ಕೊಂಡ ಕುಂತಿದ್ದೆ!"

ಅಂದಿನಿಂದ ನಮ್ಮ ಮನೆಯ ಒಗ್ಗರಣೆಗೆ ಬೆಳ್ಳುಳ್ಳಿಯೇ ಗತಿ. ಯಜಮಾನರು ಒಂದು ವಾರ ಸಾರಿನ ಬಟ್ಟಲನ್ನು ಮೂಸಿ ಮೂಸಿ ನಿಟ್ಟುಸಿರು ಬಿಟ್ಟರು.

ಇವೆಲ್ಲ ಮನೆಯ ಸುತ್ತಮುತ್ತಲಿನ ಮಾತಾಯಿತು. ಅಡರಕಟ್ಟಿಯಲ್ಲಿ ನಮ್ಮ ನೆಂಟರ ಹುಡುಗನ ಮದುವೆಗೆ ಹೋದಾಗ ಅತ್ತೆ ಮಾಡಿದ್ದನ್ನು ಕೇಳಿ. ನಮ್ಮ ಕಡೆ ಮದುವೆಯೆಂದರೆ ಗೋಧಿ ಹುಗ್ಗಿ. ಬೆಲ್ಲ, ತುಪ್ಪ, ಗಸಗಸೆ ಬಿದ್ದ ಆ ಹುಗ್ಗಿಯನ್ನು ಬೇಡ ಎಂದರೆ ಹೆಣ್ಣಿನವರ ಮುಖಕ್ಕೆ ಹೊಡೆದಂತೆ. ಅತ್ತೆ ಪಂಕ್ತಿಯಲ್ಲಿ ಕೂತು, ಸೆರಗಿನ ಮರೆಯಿಂದ ಬಟ್ಟೆಗಂಟು ತೆಗೆದು, ತಮ್ಮ ಎರಡು ರೊಟ್ಟಿಗಳನ್ನು ಎಲೆಯ ಮೇಲೆ ಇಟ್ಟುಕೊಂಡರು! ಪಂಕ್ತಿಗೆ ಪಂಕ್ತಿಯೇ ಉಣ್ಣುವುದು ಬಿಟ್ಟು ನೋಡಿತು. ನನಗಂತೂ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮದುಮಗಳ ತಾಯಿ ಸೌಟು ಹಿಡಿದು ಓಡಿ ಬಂದರು. "ಯಾಕ್ರಿ ಬೀಗರ, ನಮ್ಮ ಹುಗ್ಗಿಗಿ ಏನಾಗೇತ್ರಿ?"

"ಹುಗ್ಗಿಗಿ ಏನೂ ಆಗಿಲ್ಲವಾ, ವಾಸನೀಲೆ ಬಾಯಾಗ ನೀರ ಬರಾಕತ್ತೇತಿ. ಆಗೂದೆಲ್ಲಾ ನನಗ."

ಪಕ್ಕದಲ್ಲಿದ್ದ ಹಿರಿಯ ಹೆಂಗಸೊಬ್ಬರು ಅತ್ತೆಯ ಕಿವಿಯಲ್ಲಿ ಉಪಾಯ ಹೇಳಿಕೊಟ್ಟರು. "ಸಕ್ರಿ ಬ್ಯಾನಿ ಐತಿ ಅಂದ ಬಿಡ್ರಿ. ಯಾರೂ ಮರುಮಾತ ಆಡಂಗಿಲ್ಲ."

ಖರೆ ಮಾತು! ಸಕ್ಕರೆ ಕಾಯಿಲೆಗೆ ನಮ್ಮಲ್ಲಿ ಎಂಥ ಮರ್ಯಾದೆ! ಅದರ ಹೆಸರು ಹೇಳಿದರೆ ಸೌಟು ತಾನಾಗಿ ಹಿಂದೆ ಸರಿಯುತ್ತದೆ. ಆದರೆ ಅತ್ತೆ ಇಡೀ ಪಂಕ್ತಿಗೆ ಕೇಳುವಂತೆ ಹೇಳಿದರು, "ಇಲ್ಲದ್ದ ಬ್ಯಾನಿ ಐತಿ ಅಂತ ಸುಳ್ಳ ಹೇಳಿದ್ರ ನಂಬತೀರಿ, ಇದ್ದದ್ದ ಹೇಳಿದ್ರ ನಗತೀರಿ. ನಾ ಇದ್ದದ್ದನ ಹೇಳಾಕಿ. ನಗೂದಿದ್ರ ನಗ್ರಿ."

ಯಾರೂ ನಗಲಿಲ್ಲ. ರೊಟ್ಟಿಗೆ ಹಚ್ಚಿಕೊಳ್ಳಲು ಯಾರೋ ಬದನೆಕಾಯಿ ಪಲ್ಯ ತಂದು ಬಡಿಸಿದರು.

ಇನ್ನು ನನ್ನ ಕಥೆ ಹೇಳಬೇಕು. ಕಳೆದ ಚಳಿಗಾಲದಲ್ಲಿ ಬಿಸಿ ಹಂಚು ತಗಲಿ ಅತ್ತೆಯವರ ಬಲಗೈ ಸುಟ್ಟಿತು. ರೊಟ್ಟಿ ಬಡಿಯುವ ಕೆಲಸ ನನ್ನ ತಲೆಗೆ ಬಂತು. ನಾನು ಬೆಟಗೇರಿಯ ಪೇಟೆಯಲ್ಲಿ ಬೆಳೆದವಳು, ಲಟ್ಟಣಿಗೆ ಹಿಡಿದು ಚಪಾತಿ ಲಟ್ಟಿಸಿ ಗೊತ್ತೇ ಹೊರತು ರೊಟ್ಟಿ ಬಡಿದು ಗೊತ್ತಿಲ್ಲ. ಮದುವೆಯಾಗಿ ಹದಿನಾರು ವರ್ಷವಾದರೂ ನನ್ನ ರೊಟ್ಟಿ ಹಂಚು ಮುಟ್ಟುವ ಮೊದಲೇ ಮೂರು ತುಂಡು! ಅದಕ್ಕೆ ನನ್ನದೊಂದು ಗುಟ್ಟಿನ ಉಪಾಯವಿತ್ತು. ಜೋಳದ ಹಿಟ್ಟಿಗೆ ಎರಡು ಹಿಡಿ ಗೋಧಿ ಹಿಟ್ಟು ಬೆರೆಸಿದರೆ ರೊಟ್ಟಿ ಹರಿಯುವುದಿಲ್ಲ. ಅತ್ತೆ ಊರಲ್ಲಿ ಇಲ್ಲದಾಗ ಅದೇ ನನ್ನ ಮಾನ ಕಾಯುತ್ತಿತ್ತು. ಈಗಲೂ ಕೈ ಅದೇ ಡಬ್ಬಿಗೆ ಹೋಯಿತು. ಗೊತ್ತಿದ್ದೇ ಹಾಕಿದೆ. ಮನಸ್ಸಿನ ರೋಗಕ್ಕೆ ಎರಡು ಹಿಡಿಯಿಂದ ಏನಾದೀತು ಅಂದುಕೊಂಡೆ.

ಮೊದಲ ದಿನ ಅತ್ತೆ ರೊಟ್ಟಿ ಮುರಿದು ಹೊಗಳಿದರು. "ಎಷ್ಟ ಮೆತ್ತಗ ಮಾಡೀದಿ ಯವ್ವಾ! ಕಲ್ತಿ ಬಿಡು." ಮೂರನೆಯ ದಿನ ಹಾಸಿಗೆ ಹಿಡಿದರು. ಹೊಟ್ಟೆ ಬಿಗಿದುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಯಜಮಾನರಿಗೆ ಗೆದ್ದ ಹುರುಪು. "ನೋಡ ಯವ್ವಾ, ಮೂರ ದಿನ ಬರೇ ಜ್ವಾಳದ ರೊಟ್ಟಿ ತಿಂದೀದಿ. ಆದ್ರೂ ಹೊಟ್ಟಿ ಹಿಡೀತು. ನಾ ಹೇಳಿದ್ದಿಲ್ಲ, ಎಲ್ಲಾ ಮನಸ್ಸಿಂದು ಅಂತ?"

ಎಲ್ಲರಿಗೂ ತಿರುಗೇಟು ಕೊಡುವ ಅತ್ತೆ ಅವತ್ತು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಮಧ್ಯಾಹ್ನ ತಾವೇ ಎದ್ದು ಬಂದು ಮಗನ ಪಕ್ಕ ಊಟಕ್ಕೆ ಕೂತರು. "ನನಗೂ ಒಂದ ಚಪಾತಿ ಹಾಕವಾ" ಎಂದರು. ನಾನು ಹಾಕಿದೆ. ಅವರು ಅದನ್ನು ಮುಟ್ಟದೆ ನೋಡುತ್ತ ಕೂತರು.

"ಯಾವುದ ತಿಂದ್ರೂ ಹಿಂಗ ಆಗತೈತಿ ಅಂದ್ರ ನೀವು ಹೇಳಿದ್ದ ಖರೆ. ನನ್ನ ತಲೀನ ಕೆಟ್ಟೈತಿ. ಹುಚ್ಚಿ ಹಂಗ ಊರ ಮಂದಿ ಕೂಡ ಎಷ್ಟ ವಾದ ಮಾಡಿದ್ನಲ್ಲವಾ ನಾ..."

ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಸುಮ್ಮನಿದ್ದಿದ್ದರೆ ನನ್ನ ಗುಟ್ಟು ಉಳಿಯುತ್ತಿತ್ತು. ನನ್ನಿಂದ ಆಗಲಿಲ್ಲ.

"ತಿನ್ನಬ್ಯಾಡ್ರಿ ಅತ್ತಿಯವರ. ಆ ರೊಟ್ಟ್ಯಾಗ ಗೋಧಿ ಹಿಟ್ಟ ಹಾಕಿದ್ದೆ ನಾ. ಮೂರೂ ದಿನ."

ಯಜಮಾನರ ಕೈಯಲ್ಲಿನ ತುತ್ತು ಹಾಗೇ ನಿಂತಿತು. ನಾನು ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ.

"ನನಗ ಅದು ಗೊತ್ತಿರಲಿಲ್ಲಲ್ಲ?" ಎಂದು ಕೇಳಿದರು ಅತ್ತೆ.

"ಇಲ್ರಿ."

"ಗೊತ್ತಿಲ್ದನೂ ಹೊಟ್ಟಿ ಹಿಡೀತಲ್ಲ?"

"ಹೌದ್ರಿ. ನಿಮಗ ಗೋಧಿ ಆಗಂಗಿಲ್ರಿ."

ಅತ್ತೆ ಸುಟ್ಟ ಕೈಯಲ್ಲೇ ನನ್ನ ಕೈ ಹಿಡಿದುಕೊಂಡರು. "ಹಂಗಾರ ನನಗ ಹುಚ್ಚ ಹಿಡದಿಲ್ಲ" ಎಂದು ಅಳತೊಡಗಿದರು. ಗೋಧಿ ಬೆರೆಸಿ ಅವರನ್ನು ನರಳಿಸಿದ ಕೈ ಅದು. ಅದನ್ನೇ ಎದೆಗೊತ್ತಿಕೊಂಡು ಸಂತೋಷಕ್ಕೆ ಅತ್ತರು. ನನಗೂ ಅಳು ತಡೆಯಲಾಗಲಿಲ್ಲ.

ಯಜಮಾನರು ಮೆಲ್ಲಗೆ ಕೈ ಚಾಚಿ ತಾಯಿಯ ತಾಟಿನಲ್ಲಿದ್ದ ಚಪಾತಿಯನ್ನು ತಮ್ಮ ತಾಟಿಗೆ ಹಾಕಿಕೊಂಡರು. ಅತ್ತೆ ಅಳುತ್ತಲೇ ಗದರಿದರು, "ಬರೇ ಚಪಾತಿ ತಗದ್ರ ಆತೇನಲೇ? ತಾಟ ತೊಳದ ತಾ!"

ಊಟ ಬಿಟ್ಟು ಎದ್ದು ಹೋದ ಮಗ ತಾಟನ್ನು ತಿಕ್ಕಿ ತೊಳೆದು, ಪಂಚೆಯ ಅಂಚಿನಿಂದ ಒರೆಸಿ, ತಾಯಿಯ ಮುಂದೆ ತಂದಿಟ್ಟರು.

"ತಪ್ಪಾತು ಯವ್ವಾ" ಎಂದರು.