ಬೋಳುಗೊರಳ ಕೋಳಿಗಳೂ ಎರಡು ಚೀಲಗಳ ಕಾಳಗವೂ

ಕಲಿಯುಗವು ಡಾಂಬರು ರಸ್ತೆಯುದ್ದಕ್ಕೂ ಕಾಲು ಚಾಚಿ ಮಲಗಿದ್ದ ಕಾಲದಲ್ಲಿ, ಹೊಸಪೇಟೆಯ ಹೊರವಲಯದ ಲಾರಿ ಗ್ಯಾರೇಜುಗಳ ಹಿಂದಣ ಓಣಿಯಲ್ಲಿ, ಹನುಮಕ್ಕನೆಂಬ ಗೃಹಿಣಿಯು ಸ್ಟೀಲಿನ ತಾಟೊಂದನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಳು. ತಿಕ್ಕಿ, ತೊಳೆದು, ನೀರು ತುಂಬಿ, ಗೋಡೆಯ ನೆರಳಲ್ಲಿ ಮುದುರಿ ಕೂತ ಕೋಳಿಗಳ ಮುಂದಿಟ್ಟು ಹಿಂದೆ ಸರಿದಳು. ಕೋಳಿಗಳು ತಾಟಿನತ್ತ ಕತ್ತನ್ನೂ ಹೊರಳಿಸಲಿಲ್ಲ. ಕೊಳೆ ಉಳಿದಿರಬೇಕೆಂದು ಅವಳು ಅದನ್ನೆತ್ತಿ ಮತ್ತೆ ತಿಕ್ಕತೊಡಗಿದಳು.

ಎಲೈ ವಾಗ್ದೇವಿಯೇ, ಈಕೆಯನ್ನು ಇಲ್ಲಿಗೇ ಬಿಡು. ತಾಟು ತಿಕ್ಕುವುದರಲ್ಲಿ ವೀರರಸವಿಲ್ಲ. ನಿನ್ನ ವೀಣೆ ಮಿಡಿಯಬೇಕಾದದ್ದು ಈಕೆಯ ಪತಿಗಾಗಿ: ಪಂಕ್ಚರುವಿಧ್ವಂಸಕ, ಮೃತಟ್ಯೂಬುಸಂಜೀವನ, ಸಕಲಚಕ್ರವಾಯುಪೂರಣಧುರಂಧರ ಜಡೆಪ್ಪನಿಗಾಗಿ. ಮತ್ತು ಈಕೆಯ ಒಡಹುಟ್ಟಿದ ತಮ್ಮನಿಗಾಗಿ: ಗೊಬ್ಬರದಂಗಡಿಯ ಗಲ್ಲಾಪೀಠಾರೂಢ, ಎಸ್ಸೆಸ್ಸೆಲ್ಸಿ ಎಂಬ ಕೋಟೆಗೆ ವರುಷಗಟ್ಟಲೆ ಮುತ್ತಿಗೆ ಹಾಕಿ ಕಡೆಗೂ ಹಿಂಬಾಗಿಲಿನಿಂದ ಹೊಕ್ಕ ಪಂಪಾಪತಿಗಾಗಿ.

ಕಾಳಗದ ಮೂಲ ಹಿಂದಿನ ದಿನದ್ದು. ಮೊಟ್ಟೆ ಫಾರಂ ಒಂದು ಕೈಬಿಟ್ಟ ಮುದಿಕೋಳಿಗಳನ್ನು ಕಟುಕರಂಗಡಿಗೆ ಹೊತ್ತೊಯ್ಯುತ್ತಿದ್ದ ವ್ಯಾನು ಜಡೆಪ್ಪನ ಅಂಗಡಿಯ ಮುಂದೆ ಗಾಲಿ ಚಪ್ಪಟೆಯಾಗಿ ನಿಂತಿತ್ತು. ಕೊರಳ ಗರಿಯೆಲ್ಲ ತಂತಿಗೆ ಉಜ್ಜಿ ಉದುರಿದ, ಜುಟ್ಟು ಬಿಳಿಚಿದ ಒಂದಷ್ಟನ್ನು ಹನುಮಕ್ಕ ಕೇಳಿದಳು. ಅವುಗಳ ಮೈಯಲ್ಲಿ ಮಾಂಸವೇ ಇರಲಿಲ್ಲವಾಗಿ, ಡ್ರೈವರನು ಪಂಕ್ಚರಿನ ಕೂಲಿಯ ಬದಲಿಗೆ ಅವನ್ನು ಇಳಿಸಿ ಹೋದ. ಈ ಮನೆಗೆ ಬಂದ ಮೇಲೆ ಅವಳು ತನಗೆಂದು ಕೇಳಿದ್ದು ಅದೊಂದೇ. ಕೂಲಿ ಕಳೆದುಕೊಂಡ ಜಡೆಪ್ಪನು ಆಜ್ಞೆ ಹೊರಡಿಸಿದ: ನಾಳೆ ಸಂಜೆಯೊಳಗೆ ಇವು ಮೇವು ಮುಟ್ಟದಿದ್ದರೆ ಕೊಯ್ದು ಸಾರು ಮಾಡುವುದೇ.

ಆ ಸಂಜೆ ಈಗ ಬಂದಿತ್ತು. ಕೋಳಿಗಳು ಒಂದು ಕಾಳನ್ನೂ ಮುಟ್ಟಿರಲಿಲ್ಲ. ಆದರೆ ತಾವು ತಂದದ್ದನ್ನೇ ಅವಕ್ಕೆ ತಿನ್ನಿಸಿ ತೋರಿಸುವ ಪಂಥ ಕಟ್ಟಿ, ವೀರರಿಬ್ಬರೂ ಒಂದೊಂದು ಮೇವಿನ ಚೀಲ ಹೊತ್ತು ಅಂಗಳಕ್ಕಿಳಿದಿದ್ದರು.

ಜಡೆಪ್ಪನು ಚೀಲದ ಮೇಲಿನ ಅಕ್ಷರಗಳ ಕೆಳಗೆ ಗ್ರೀಸು ಹತ್ತಿದ ಬೆರಳನ್ನು ಎಳೆಯುತ್ತ ತನ್ನ ಸೈನ್ಯವನ್ನು ಮೆರೆಸಿದ. ಮೆಕ್ಕೆಜೋಳವೆಂಬ ಕಾಲಾಳು, ಸೋಯಾ ಹಿಂಡಿಯೆಂಬ ಗಜದಳ, ಎಣ್ಣೆ ತೆಗೆದ ತೌಡೆಂಬ ಕುದುರೆಪಡೆ, ಇವೆಲ್ಲಕ್ಕೂ ದಂಡನಾಯಕನಾಗಿ ಸುಣ್ಣಕಲ್ಲಿನ ಪುಡಿ. ಇಂಥ ಚತುರಂಗಬಲದ ಮುಂದೆ ಯಾವ ಕೋಳಿ ತಾನೇ ಉಪವಾಸ ಕೂತೀತೆಂದು ಗರ್ಜಿಸಿದ.

ಪಂಪಾಪತಿ ನಕ್ಕ. "ಕಲ್ಲು ತಿನ್ನಸ್ತೀಯಲ್ಲ ಮಾಮ. ಕೋಳಿ ಹೊಟ್ಟ್ಯಾಗ ರಸ್ತೆ ಮಾಡ್ತೀಯೇನು?"

"ಕಲ್ಲಿಲ್ದಂಗ ತತ್ತಿಗೆ ಓಡು ಎಲ್ಲಿಂದ ಬರ್ತೈತಲೇ? ನಿಮ್ಮ ಗೊಬ್ಬರದಂಗಡಿಯಿಂದೇನು?"

ಆಗ ಪಂಪಾಪತಿಯು ತನ್ನ ಚೀಲವನ್ನು ಬ್ರಹ್ಮಾಸ್ತ್ರದಂತೆ ತಿರುಗಿಸಿ ತೋರಿಸಿ, ಒಣಮೀನಿನ ಪುಡಿಯನ್ನೂ ಎಣ್ಣೆಯಂಶವನ್ನೂ ಹೊಗಳಿ, ಕಚ್ಚಾ ಪ್ರೋಟೀನಿನಲ್ಲಿ ತನ್ನದೇ ಶೇಕಡಾ ಎರಡು ಮೇಲೆಂದು ಘೋಷಿಸಿದ. ಕಚ್ಚಾ ಎಂದರೇನೆಂದು ಕೇಳಿದ್ದರೆ ಇಬ್ಬರೂ ಬೆವರುತ್ತಿದ್ದರು, ಯಾರೂ ಕೇಳಲಿಲ್ಲ.

ಜಡೆಪ್ಪನ ಕಣ್ಣು ಆ ಚೀಲದ ಚಿತ್ರದ ಮೇಲೆ ಬಿತ್ತು. "ಇದು ಮೈ ಬೆಳೆಸಿ ಕೊಯ್ಯೋ ಕೋಳಿ ಮೇವಲೇ ಮಬ್ಬ."

"ನೀನೂ ಕೊಯ್ಯಾಕ ನಿಂತೀಯಲ್ಲ ಮಾಮ. ತೂಕನಾರ ಬರಲಿ."

ತಾಟು ತಿಕ್ಕುತ್ತಿದ್ದ ಕೈ ಒಂದು ಗಳಿಗೆ ನಿಂತಿತು. ಅದು ಇತಿಹಾಸದಲ್ಲಿ ದಾಖಲಾಗುವಂಥದ್ದಲ್ಲ. ದಾಖಲಾಗಬೇಕಾದದ್ದು ಮುಂದಿನದು: ಒಬ್ಬರ ಚೀಲಕ್ಕೆ ಇನ್ನೊಬ್ಬರು ಕೈಹಾಕಿ, ದಿಕ್ಕುಗಳನ್ನು ಹೊತ್ತ ಆನೆಗಳು ಕಿವಿ ಮುಚ್ಚಿಕೊಳ್ಳುವಂತೆ ಬೈದಾಡಿ ಎಳೆದಾಡಿದಾಗ, ಹೊಲಿಗೆಗಳು ಚರ್ರೆಂದು ಬಿಚ್ಚಿ, ಉಭಯಸೈನ್ಯಗಳೂ ನೆಲಕ್ಕೆ ಬಿದ್ದು ಒಂದೇ ರಾಶಿಯಾದವು. ತೌಡಿನ ಧೂಳು ಪ್ರಳಯಮೇಘದಂತೆ ಎದ್ದಿತು. ಶಂಖನಾದಕ್ಕೆ ಬದಲಾಗಿ ವೀರರಿಬ್ಬರೂ ಸೀನಿದರು.

ಕಣ್ಣಿಗೆ ಮೀನುಪುಡಿ ಹೊಕ್ಕ ಪಂಪಾಪತಿ ಗೋಡೆಯ ನಲ್ಲಿಗೆ ಓಡಿ, ಮುಖ ತೊಳೆದು, ನಲ್ಲಿಯನ್ನು ಅರೆಬರೆ ತಿರುವಿ ಬಂದ. ವೀರರು ನಲ್ಲಿಯನ್ನು ಪೂರ್ತಿ ಮುಚ್ಚಿದ ದಾಖಲೆ ಯಾವ ಯುಗದಲ್ಲೂ ಇಲ್ಲ. ನೀರು ಪೋಲಾದೀತೆಂದು ಹನುಮಕ್ಕ ಎದ್ದು ಹೋದಳು. ಅವಳ ಕೈ ನಲ್ಲಿಗೆ ತಾಗುವ ಮೊದಲೇ, ಬೋಳುಗೊರಳ ಕೋಳಿಯೊಂದು ತೂರಾಡುತ್ತ ಬಂದು, ಮೇಲಕ್ಕೆ ಕತ್ತು ನೀಡಿ, ತೂಗುತ್ತಿದ್ದ ಹನಿಯನ್ನು ಕುಕ್ಕಿತು. ಮತ್ತೊಂದು ಹನಿ. ಮತ್ತೊಮ್ಮೆ ಕುಕ್ಕಿತು.

ಹನುಮಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು. ಹುಟ್ಟಿದಂದಿನಿಂದ ಪಂಜರದ ಮೇಲಿನ ಕೊಳವೆಯನ್ನು ಕುಕ್ಕಿ ಹನಿಹನಿಯಾಗಿ ಕುಡಿದ ಜೀವಗಳವು. ತಾಟಿನಲ್ಲಿ ನಿಂತದ್ದು ನೀರೆಂದು ಅವಕ್ಕೆ ಗೊತ್ತೇ ಇರಲಿಲ್ಲ. ಬಾಯಾರಿದ ಗಂಟಲಲ್ಲಿ ಒಣಮೇವು ಇಳಿಯುವುದಾದರೂ ಹೇಗೆ? ಉಳಿದವೂ ಎದ್ದು ಬಂದು ನೂಕಾಡಿ ಕುಡಿದವು. ಕುಡಿದು ಮುಗಿಸಿದವು ರಾಶಿಯ ಹತ್ತಿರ ಹೋಗಿ, ಕಲ್ಲು ಯಾರದು ಮೀನು ಯಾರದು ಎಂದು ವಿಚಾರಿಸದೆ ತಿನ್ನತೊಡಗಿದವು.

"ನೋಡಲೇ, ನನ್ನ ಮೇವು ತಿಂತು," ಎಂದ ಜಡೆಪ್ಪ.

ತಿಂದದ್ದು ತನ್ನದೆಂದ ಪಂಪಾಪತಿ. ಸಾರಿನ ಮಾತನ್ನು ನಾಳೆಗೆ ಮುಂದೂಡಿ, ವಿಜಯಿಗಳಿಬ್ಬರೂ ಶೇಕಡಾವಾರು ವಾದಿಸುತ್ತ ಚಹಕ್ಕಾಗಿ ಒಳಗೆ ನಡೆದರು. ನಲ್ಲಿಯಡಿ ಕೋಳಿಗಳು ಕುಡಿಯುವ ಸರದಿ ಇನ್ನೂ ಮುಗಿದಿರಲಿಲ್ಲ. ಅವರಲ್ಲೊಬ್ಬರು ಕೈ ತೊಳೆಯಲು ಮತ್ತೆ ಬಂದಾರೆಂದು ಹನುಮಕ್ಕ ಬಾಗಿಲ ಕಡೆ ತಿರುಗಿ ಹೇಳಿದಳು:

"ರೀ, ಈ ನಲ್ಲಿ ಬಿಗಿ ತಿರುವಬ್ಯಾಡ್ರಿ. ಇವಕ್ಕ ತಾಟಿನಾಗ ಕುಡಿಯಾಕ ಬರಲ್ಲ."

ಒಳಗೆ ಕಚ್ಚಾ ಪ್ರೋಟೀನಿನ ಚರ್ಚೆ ನಡೆದಿತ್ತು.