ಅರ್ಧ ಗೇಮ್ ಹಿಂದೆ

ನಮ್ಮ ಭಾವ ಜೀವಮಾನದಲ್ಲಿ ಒಂದೇ ಒಂದು ಬೇಸ್‌ಬಾಲ್ ಆಟ ನೋಡಿದವರಲ್ಲ. ಆದರೂ ಇಡೀ ಕತಾರಿನಲ್ಲಿ ಅವರಷ್ಟು ದೊಡ್ಡ ಬೇಸ್‌ಬಾಲ್ ಭಕ್ತ ಇನ್ನೊಬ್ಬರಿರಲಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಆಣೆ ಹಾಕಿ ಹೇಳಬಲ್ಲೆ. ನಂಬಿಕೆ ಬರುವುದಿಲ್ಲವೇ? ಕೇಳಿ.

ತೊಂಬತ್ತರ ದಶಕದ ಮಾತು. ಭಾವ ಅಂದರೆ ನನ್ನ ಅಕ್ಕನ ಗಂಡ. ಇಂಡಸ್ಟ್ರಿಯಲ್ ಏರಿಯಾದ ಒಂದೇ ಕಂಪನಿಯಲ್ಲಿ ನಾನು ಸ್ಟೋರಿನಲ್ಲಿ, ಅವರು ಆಫೀಸಿನ ಫ್ಯಾಕ್ಸ್ ಯಂತ್ರದ ಪಕ್ಕದ ಕುರ್ಚಿಯಲ್ಲಿ. ಮ್ಯಾನೇಜರು ಅಮೆರಿಕದವರು. ಅವರ ಊರಿನ ಬೇಸ್‌ಬಾಲ್ ತಂಡ ಗೆದ್ದಿತೋ ಸೋತಿತೋ ಎಂದು ಅವರ ತಮ್ಮ ಅಲ್ಲಿಂದ ದಿನವೂ ಫ್ಯಾಕ್ಸ್ ಮಾಡುತ್ತಿದ್ದ. ಗೆದ್ದ ದಿನ ಮ್ಯಾನೇಜರು ಶಿಳ್ಳೆ ಹಾಕುತ್ತ, ಮುಂದಿಟ್ಟ ಕಾಗದಕ್ಕೆಲ್ಲ ಓದದೆಯೇ ಸಹಿ ಗೀಚುತ್ತಿದ್ದರು. ಸೋತ ದಿನ ಅವರಿಗೆ ಗೊತ್ತಿದ್ದ ಏಕೈಕ ಅರಬ್ಬಿ ಪದ ಹೊರಬೀಳುತ್ತಿತ್ತು: "ಮಾಫಿ." ಇಲ್ಲ ಎಂದರ್ಥ. ರಜೆ ಮಾಫಿ, ಅಡ್ವಾನ್ಸ್ ಮಾಫಿ, ಎಲ್ಲ ಮಾಫಿ.

ಈ ರಹಸ್ಯವನ್ನು ಮೊದಲು ಪತ್ತೆ ಹಚ್ಚಿದವರು ಭಾವ. ಅಂದಿನಿಂದ ಆಫೀಸಿಗೆ ಆಫೀಸೇ ಆ ತಂಡದ ಅಭಿಮಾನಿಯಾಯಿತು. ಡ್ರೈವರ್ ಹಮೀದ್ ಬಸ್ಸು ನಿಲ್ಲಿಸುವ ಮೊದಲೇ ಕಿಟಕಿಯಿಂದ ಕೇಳುತ್ತಿದ್ದ: "ಎಂತ ಮಾರ್ರೆ, ಇವತ್ತು ರಜೆ ಕೇಳಬಹುದಾ?"

ಭಾವನಿಗೂ ಒಂದು ಸಹಿ ಬೇಕಿತ್ತು. ಏಪ್ರಿಲಿನಲ್ಲಿ, ಬೇಸ್‌ಬಾಲ್ ಸೀಸನ್ ಶುರುವಾದ ವಾರವೇ, ಊರಲ್ಲಿ ಅಕ್ಕನಿಗೆ ಹೆಣ್ಣುಮಗು ಹುಟ್ಟಿತ್ತು. ಮಗಳ ಮುಖವನ್ನು ಇವರು ಕಂಡದ್ದು ಫೋಟೋದಲ್ಲಿ ಮಾತ್ರ. ರಜೆಯ ಅರ್ಜಿ ಡ್ರಾಯರಿನಲ್ಲಿ ಸಿದ್ಧವಾಗಿತ್ತು. ಆದರೆ ತಂಡ ಗೆದ್ದ ದಿನವೆಲ್ಲ ಇವರು ಇನ್ನೊಬ್ಬರ ಅರ್ಜಿಯನ್ನೇ ಮುಂದಿಡುತ್ತಿದ್ದರು. ಒಂದು ದಿನ ಹಮೀದನ ತಾಯಿಯ ಆಪರೇಷನ್, ಇನ್ನೊಂದು ದಿನ ಇನ್ಯಾರದೋ ತಂಗಿಯ ಮದುವೆ.

"ನಿಮ್ಮದು ಯಾವಾಗ ಭಾವ?" ಎಂದರೆ, "ಪ್ಲೇಆಫಿಗೆ ಹೋಗಲಿ ಮಾರಾಯ. ಸೀಸನ್ ಕೊನೆಯಲ್ಲಿ ಮೇಲಿನ ನಾಲ್ಕೈದು ತಂಡ ಮಾತ್ರ ಆಡುವುದು ಅದು. ಆ ದಿನ ಕೇಳಿದರೆ ಎರಡು ವಾರವಲ್ಲ, ಎರಡು ತಿಂಗಳು ಕೊಡುತ್ತಾರೆ" ಎನ್ನುತ್ತಿದ್ದರು.

ಸೆಪ್ಟೆಂಬರ್ ಬಂದದ್ದೇ ತಡ, ಭಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊಟಕ್ಕೆ ಕೂತರೆ ಏಳುತ್ತಾರೆ, ಎದ್ದರೆ ಕೂರುತ್ತಾರೆ. ಶುಕ್ರವಾರ ಆಫೀಸಿಗೆ ರಜೆ. ಫ್ಯಾಕ್ಸಿಗೆ ರಜೆ ಉಂಟೇ? ಕಾವಲುಗಾರನನ್ನು ಎಬ್ಬಿಸಿ ಬೀಗ ತೆಗೆಸಿದರು. ಎಷ್ಟು ಹೊತ್ತಾದರೂ ಹೊರಬರಲಿಲ್ಲವೆಂದು ಆತ ಗಾಬರಿಯಾಗಿ ಒಳಗೆ ಬಂದರೆ, ಇವರು ಯಂತ್ರದ ಮುಂದೆ ಕೈಮುಗಿದು ನಿಂತಿದ್ದರಂತೆ.

ಒಂದು ಬೆಳಗ್ಗೆ ಮುಖ ಬಾಡಿಸಿಕೊಂಡು ಬಂದರು. "ನಾವು ಅರ್ಧ ಗೇಮ್ ಹಿಂದೆ."

"ಅರ್ಧ ಆಟ ಹೇಗೆ ಭಾವ? ಮಳೆ ಬಂತಾ?"

"ಮಳೆಯಲ್ಲ ಮಾರಾಯ. ನಿನ್ನೆವರೆಗೆ ನಾವೂ ಪೈಪೋಟಿಯ ಇನ್ನೊಂದು ತಂಡವೂ ಸಮ. ಇವತ್ತು ನಾವು ಆಡಿ ಸೋತೆವು, ಅವರಿಗೆ ಆಟವೇ ಇರಲಿಲ್ಲ. ಅದಕ್ಕೆ ಅರ್ಧ. ಪೂರ್ತಿ ಹೋಗಲಿಲ್ಲ, ಇನ್ನೂ ಉಂಟು."

ಅಲ್ಲಿಂದ ಎಲ್ಲವೂ ಅರ್ಧ ಗೇಮ್! ಸಾರಿಗೆ ಉಪ್ಪು ಕಡಿಮೆಯಾದರೆ ಸಾರು ಅರ್ಧ ಗೇಮ್ ಹಿಂದೆ. ಬಸ್ಸು ತಡವಾದರೆ ಹಮೀದ್ ಅರ್ಧ ಗೇಮ್ ಹಿಂದೆ.

ಸಾಲದ್ದಕ್ಕೆ, ದೇವಸ್ಥಾನದಲ್ಲಿ ತಂಡದ ಹೆಸರಿನಲ್ಲಿ ಹೂವಿನ ಪೂಜೆ ಮಾಡಿಸು ಎಂದು ಅಕ್ಕನಿಗೆ ಬರೆದರು. ಅಕ್ಕನ ಉತ್ತರ ಬಂತು: "ಭಟ್ಟರು ನಕ್ಷತ್ರ ಕೇಳಿದರು. ನಿಮ್ಮ ತಂಡದ್ದು ನನಗೆ ಗೊತ್ತಿಲ್ಲ. ಮಗಳ ಹೆಸರಲ್ಲೇ ಮಾಡಿಸಿದೆ."

"ಛೆ, ಅದಕ್ಕೇ ನಿನ್ನೆ ಸೋತದ್ದು" ಎಂದು ಗೊಣಗಿದ ಭಾವ, ಆ ಪತ್ರವನ್ನು ಮೂರು ಸಲ ಓದಿ ದಿಂಬಿನ ಕೆಳಗಿಟ್ಟರು.

ಕೊನೆಯ ಆಟ. ಗೆದ್ದರೆ ಪ್ಲೇಆಫ್, ಸೋತರೆ ಖಲಾಸ್. ಬೆಳಗ್ಗೆ ನಾವಿಬ್ಬರೂ ಎಲ್ಲರಿಗಿಂತ ಮೊದಲು ಆಫೀಸು ಸೇರಿದೆವು. ಫ್ಯಾಕ್ಸ್ ಬಂದು ಬಿದ್ದಿತ್ತು. ತಂಡ ಸೋತಿತ್ತು.

ನಾನು ತಲೆ ಓಡಿಸಿದೆ. "ಭಾವ, ಇದನ್ನು ಕಿಸೆಗೆ ಹಾಕಿ. ಗೆದ್ದರು ಅಂತ ಹೇಳಿ ಮೊದಲು ಅರ್ಜಿಗೆ ಸಹಿ ಹಾಕಿಸಿ. ಫ್ಯಾಕ್ಸ್ ಆಮೇಲೆ ಕೊಟ್ಟರಾಯಿತು."

ಭಾವ ಕಾಗದವನ್ನೇ ನೋಡುತ್ತ ನಿಂತರು. "ಅವರೂ ಆರು ತಿಂಗಳಿಂದ ಕಾದಿದ್ದಾರೆ ಮಾರಾಯ. ಹೇಗೆ ಸುಳ್ಳು ಹೇಳುವುದು?"

ಮ್ಯಾನೇಜರು ಬಂದ ಕೂಡಲೇ ಭಾವ ಫ್ಯಾಕ್ಸ್ ಕೊಟ್ಟು ಬಂದು ಕುರ್ಚಿಯಲ್ಲಿ ಕೂತರು. ಆ ತಿಂಗಳಲ್ಲಿ ಅವರು ಅಲುಗಾಡದೆ ಕೂತದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಮ್ಯಾನೇಜರು ಹೊರಬಂದರು. ಭಾವನ ಕಣ್ಣು ಒದ್ದೆಯಾಗಿದ್ದುದನ್ನು ಕಂಡು, "ನಿನಗೂ ಅಷ್ಟು ಬೇಸರವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಭಾವನಿಗೆ ಆಗಲೂ ಸುಳ್ಳು ಬರಲಿಲ್ಲ. "ಅರ್ಧ ತಂಡಕ್ಕೆ ಸರ್. ಅರ್ಧ ಮಗಳಿಗೆ" ಎಂದು ಡ್ರಾಯರಿನಿಂದ ಅರ್ಜಿ ತೆಗೆದು ಕೊಟ್ಟರು.

ಮ್ಯಾನೇಜರು ಈ ಸಲ ಪ್ರತಿ ಸಾಲನ್ನೂ ಓದಿದರು. "ಹುಟ್ಟಿದ್ದು ಏಪ್ರಿಲಿನಲ್ಲಾ? ಇಡೀ ಸೀಸನ್ನೇ ನೋಡಿಲ್ಲವಲ್ಲ ನೀನು" ಎಂದು, ಎರಡು ವಾರ ಎಂದಿದ್ದುದನ್ನು ಹೊಡೆದು, ಎರಡು ತಿಂಗಳೆಂದು ಬರೆದು ಸಹಿ ಹಾಕಿದರು.

ಫ್ಯಾಕ್ಸಿನ ಕುರ್ಚಿಗೆ ನಾನು ಬಂದೆ. ವಾರ ಕಳೆದಿರಲಿಲ್ಲ, ಊರಿನ ಎಸ್‌ಟಿಡಿ ಬೂತಿನಿಂದ ಭಾವನ ಇಂಗ್ಲಿಷಿನಲ್ಲಿ ಮ್ಯಾನೇಜರಿಗೊಂದು ಫ್ಯಾಕ್ಸ್ ಬಂತು: "ಮಗಳು ನನ್ನನ್ನು ಕಂಡರೆ ಅಳುತ್ತಾಳೆ. ತಾಯಿಯ ಸೊಂಟ ಬಿಟ್ಟು ಬರುವುದಿಲ್ಲ. ಅರ್ಧ ಗೇಮ್ ಹಿಂದೆ ಇದ್ದೇನೆ."

ಮ್ಯಾನೇಜರು ಅದನ್ನು ಗೋಡೆಗೆ ಅಂಟಿಸಿದರು. ಮರುದಿನದಿಂದ ಬಂದ ಕೂಡಲೇ ನನ್ನನ್ನು ಕೇಳತೊಡಗಿದರು: "ಫ್ಯಾಕ್ಸ್ ಬಂತಾ?" ಅವರಿಗಿಂತ ಮೊದಲು ನಾನೇ ಹತ್ತು ಸಲ ಎದ್ದು ನೋಡಿರುತ್ತಿದ್ದೆ. ಹಮೀದನೂ ಬಸ್ಸಿನ ಕಿಟಕಿಯಿಂದ ಅದನ್ನೇ ಕೇಳುತ್ತಿದ್ದ.

ಐದನೆಯ ಬೆಳಗ್ಗೆ ಬಂತು, ಒಂದೇ ಸಾಲು: "ನಿನ್ನೆ ನನ್ನ ತೋಳಿನಲ್ಲೇ ನಿದ್ದೆ ಹೋದಳು."

ಮ್ಯಾನೇಜರು ಎರಡು ಸಲ ಓದಿ, ಶಿಳ್ಳೆ ಹಾಕುತ್ತ ಒಳಗೆ ಹೋದರು. ಆ ದಿನ ಕೇಳಿದವರಿಗೆಲ್ಲ ರಜೆ ಸಿಕ್ಕಿತು.