ಹನ್ನೊಂದು ಕಟ್ಟಡಗಳ ಮೇಲೆ ತೂಗಾಡುತ್ತಿರುವ ಹಂಪಣ್ಣನ ಮುಖದ ಕುರಿತು

ಇಂದ:
ಹಂಪಣ್ಣ, ಗಾರೆ ಕೆಲಸದವನು, ಬಾಡಿಗೆ ಕೋಣೆ, ಹೊರಮಾವು.
(ಗುರುತು: ಬಾಗಿಲಿಗೆ ಯಾರೋ ಕಟ್ಟಿಹೋದ ನಿಂಬೆಹಣ್ಣು)
ಬರೆದುಕೊಟ್ಟವನು: ಅಬ್ರಾರ್, ಅರ್ಜಿ ಬರಹಗಾರ, ಶಿವಾಜಿನಗರ.

ಗೆ:
ಶ್ರೀ ಮುನಿಆಂಜನಪ್ಪನವರು, ಐದಂತಸ್ತಿನ ಕಟ್ಟಡದ ಮಾಲೀಕರು, ಹೊರಮಾವು.

ವಿಷಯ: ಅರ್ಜಿದಾರನ ಮುಖವನ್ನು ದೃಷ್ಟಿಬೊಂಬೆಯ ಹುದ್ದೆಯಿಂದ ಬಿಡುಗಡೆ ಮಾಡುವ ಬಗ್ಗೆ.

ಉಲ್ಲೇಖ:
೧. ಕಳೆದ ಅಮಾವಾಸ್ಯೆಯಂದು ತಾವು ನೀಡಿದ ಮೌಖಿಕ ಆದೇಶ: "ಜನ ಏನೋ ಅಂದ್ರು ಅಂತ ತಲೆ ಕೆಡಿಸ್ಕೊಂತಾರೇನ್ಲಾ? ಹೋಗಿ ಕೆಲ್ಸ ನೋಡು."
೨. ಜಟ್ಟೆಮ್ಮನವರು ಕುಡಿಯದೆ ಬಿಟ್ಟುಹೋದ ಒಂದು ಲೋಟ ಚಹಾ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಅರ್ಜಿದಾರನು ಬರಹಗಾರನಾದ ನನ್ನ ಮೇಜಿನ ಎದುರು ಕುಳಿತು ಹೇಳಿದ್ದನ್ನು ಅವನು ಹೇಳಿದ ಹಾಗೇ ಬರೆದಿರುತ್ತೇನೆ. ಮೂವತ್ತು ವರ್ಷಗಳಲ್ಲಿ ಜಾತಿ, ಆದಾಯ, ಕಳೆದುಹೋದ ರೇಷನ್ ಕಾರ್ಡು, ಎಲ್ಲಕ್ಕೂ ಅರ್ಜಿ ಬರೆದಿದ್ದೇನೆ. ಮುಖ ವಾಪಸ್ ಕೊಡಿ ಅನ್ನುವ ಅರ್ಜಿ ಇದೇ ಮೊದಲು ಕಣ್ರೀ.

೧. ಹಂಪಣ್ಣನು ದೇವದುರ್ಗದ ಕಡೆಯವನು, ವಯಸ್ಸು ಇಪ್ಪತ್ತೊಂಬತ್ತು, ಇರುವೆಗೂ ದಾರಿ ಬಿಟ್ಟು ನಡೆಯುವ ಸ್ವಭಾವ. ಯುಗಾದಿಯ ಹಿಂದಿನ ವಾರ ತಮ್ಮ ಕಟ್ಟಡದ ಚಾವಣಿಗೆ ಪ್ಲಾಸ್ಟರಿಂಗ್ ಮಾಡುವಾಗ ಅವನ ಕಣ್ಣಿಗೆ ಹಸಿ ಸಿಮೆಂಟ್ ಬಿತ್ತು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗುಡ್ಡೆ ಹೊರಬರುವಂತೆ ಅಗಲಿಸಿ, ನಾಲಿಗೆ ಚಾಚಿ "ನೀರು, ನೀರು" ಎಂದು ಅರಚುತ್ತಿದ್ದ ಅದೇ ಕ್ಷಣದಲ್ಲಿ ತಮ್ಮ ಮಗ ಮುನಿರಾಜ್‌ರವರು ಹಾಜರಾತಿಯ ಫೋಟೊ ತೆಗೆದಿರುತ್ತಾರೆ.

೨. ಆ ಫೋಟೊ ಕಂಡ ತಮ್ಮ ಧರ್ಮಪತ್ನಿ ಆಂಜನಮ್ಮನವರು "ಅಯ್ಯಪ್ಪಾ! ಇದನ್ನೇ ಮುಂದೆ ನೇತಾಕ್ರೀ, ಯಾರ್ ಕಣ್ಣೂ ಬೀಳಲ್ಲ" ಎಂದ ಕಾರಣ, ಕೂಡಲೇ ಫ್ಲೆಕ್ಸ್ ಮಾಡಿಸಲಾಯಿತು. ಕೋರೆಹಲ್ಲು ಸೇರಿಸಬೇಕೇ ಎಂದು ಮುನಿರಾಜ್ ಕೇಳಿದ್ದಕ್ಕೆ ಫ್ಲೆಕ್ಸ್ ಅಂಗಡಿಯವನು "ಬೇಡ ಗುರು, ಇದೇ ಜಾಸ್ತಿ ಆಯ್ತು" ಎಂದನಂತೆ. ಈ ಮಾತು ಅರ್ಜಿದಾರನಿಗೆ ಇಂದಿಗೂ ಚುಚ್ಚುತ್ತಿದೆ.

೩. ಕಟ್ಟಡ ನಿರ್ವಿಘ್ನವಾಗಿ ಮುಗಿಯಿತು. ಆ ಕಾರಣ ಅಕ್ಕಪಕ್ಕದವರೂ ಅದೇ ಮುಖ ಕೇಳಿದರು. ತಾವು ಧಾರಾಳವಾಗಿ ಕೊಟ್ಟಿರಿ. ಆದ್ದರಿಂದ ಬಸ್ ಸ್ಟಾಪಿನಿಂದ ಅರ್ಜಿದಾರನ ಕೋಣೆಯವರೆಗೆ ಈಗ ಹನ್ನೊಂದು ಹಂಪಣ್ಣಂದಿರು ತೂಗಾಡುತ್ತಿದ್ದಾರೆ. ಬಸ್ಸಿನಲ್ಲಿ ಅವನ ಪಕ್ಕ ಯಾರೂ ಕೂರುವುದಿಲ್ಲ. ಅಮಾವಾಸ್ಯೆ ಬೆಳಿಗ್ಗೆ ರಸ್ತೆ ಬದಿಯಲ್ಲಿ ಇಡ್ಲಿ ತಿನ್ನುತ್ತಿದ್ದವನ ಕಾಲ ಬುಡದಲ್ಲಿ ಯಾರೋ ಬೂದುಗುಂಬಳ ಒಡೆದು, ಕೈಮುಗಿದು ಹೋದರು. ಇಡ್ಲಿಯ ಮೇಲೆಲ್ಲ ಕುಂಕುಮ. ತೋಬಾ!

೪. ಅಂದೇ ಅವನು ತಮ್ಮಲ್ಲಿಗೆ ಬಂದು ದೂರಿಕೊಂಡಾಗ ಉಲ್ಲೇಖ ೧ರ ಆದೇಶ ಹೊರಬಿದ್ದಿತು. ಈ ಬಗ್ಗೆ ಸ್ಪಷ್ಟೀಕರಣ ಬೇಕಾಗಿದೆ. ಜನರ ಕಣ್ಣು, ಜನರ ಬಾಯಿ ತಾಗುವುದಿಲ್ಲವಾದರೆ ಕಟ್ಟಡಕ್ಕೆ ಬೊಂಬೆ ಏಕೆ? ತಾಗುವುದಾದರೆ, ಕಬ್ಬಿಣ ಕಾಂಕ್ರೀಟಿಗೇ ತಾಗುವಂಥದ್ದು ಐವತ್ತೆರಡು ಕೆ.ಜಿ. ಹಂಪಣ್ಣನಿಗೆ ತಾಗದಿರಲು ಕಾರಣವೇನು? ಉತ್ತರ ಲಿಖಿತವಾಗಿ ಬೇಕು.

೫. ಇಷ್ಟನ್ನೂ ಅವನು ಸಹಿಸಿಕೊಂಡಿದ್ದ. ಆದರೆ ಈಗ ಉಮಾಶ್ರೀ ಎಂಬ ಹುಡುಗಿಯ ಸಂಬಂಧ ಬಂದಿದೆ. ಆಕೆ ಬೆನ್ಸನ್ ಟೌನಿನ ಟೈಲರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಫೋಟೊ ಕಂಡಾಗಿನಿಂದ ಇವನಿಗೆ ಊಟ ಸೇರುತ್ತಿಲ್ಲ. ಕಳೆದ ವಾರ ಅವಳ ಸೋದರತ್ತೆ ಜಟ್ಟೆಮ್ಮನವರು ಹುಡುಗನ ಮನೆ ನೋಡಲು ಬಂದರು. ದಾರಿಯುದ್ದಕ್ಕೂ ಹನ್ನೊಂದನ್ನು ನೋಡಿ, ಬಾಗಿಲು ತೆರೆದ ಹನ್ನೆರಡನೆಯದನ್ನೂ ನೋಡಿ, "ಎವ್ವಾ! ಊರ್ ಮಂದಿನ್ನೆಲ್ಲ ಅಂಜಸೋ ಮಾರಿ! ನಮ್ ಹುಡುಗಿ ದಿನಾ ಹೆಂಗ್ ನೋಡ್ಬೇಕ್ರೀ?" ಎಂದು, ಕೊಟ್ಟ ಚಹಾ ಮುಟ್ಟದೆ ಹೊರಟೇಹೋದರು.

ಆದ್ದರಿಂದ ಸದರಿ ಹನ್ನೊಂದು ಫ್ಲೆಕ್ಸ್‌ಗಳನ್ನು ಕೂಡಲೇ ಇಳಿಸಬೇಕೆಂದು

೬. ಮೇಲಿನ ಸಾಲು ಅರ್ಧಕ್ಕೆ ನಿಂತಿದೆ, ಕ್ಷಮಿಸಿ. ಬರೆಯುತ್ತಿರುವಾಗಲೇ ಅರ್ಜಿದಾರನ ಫೋನ್ ಹೊಡೆದುಕೊಂಡಿತು. ಉಮಾಶ್ರೀ! ಗಾಬರಿಯಲ್ಲಿ ಇವನು ಸ್ಪೀಕರ್ ಒತ್ತಿಬಿಟ್ಟ.

"ಅತ್ತಿ ಆ ಬೋರ್ಡಿನ ಫೋಟೊ ಕಳ್ಸ್ಯಾಳ್ರೀ. ನೋಡ್ದೆ."

ಇವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನಾನು ಪೆನ್ನು ಕೆಳಗಿಟ್ಟೆ.

"ಕಣ್ಣಾಗ ಏನ್ ಬಿದ್ದಿತ್ರೀ? ಭಾಳ ಉರೀತೇನು?"

ಹೊರಮಾವಿನಲ್ಲಿ ಆರು ತಿಂಗಳಿಂದ ಸಾವಿರಾರು ಮಂದಿ ಆ ಮುಖ ನೋಡಿದ್ದಾರೆ. ಒಬ್ಬರೂ ಇದನ್ನು ಕೇಳಿರಲಿಲ್ಲ. ಇಷ್ಟೆಲ್ಲ ಬರೆದ ನಾನೂ ಉರಿಯಿತೇ ಎಂದು ಕೇಳಿರಲಿಲ್ಲ, ನಾಚಿಕೆಯಾಯಿತು. ಹಂಪಣ್ಣ "ಸಿಮೆಂಟ್ರೀ" ಎಂದ. ಆಮೇಲೆ ನನ್ನ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ.

"ಆಯ್ತಾರ ಬರ್ತೀನಿ. ಬಸ್ ಸ್ಟಾಪಿಗೆ ಬರ್ರಿ," ಎಂದಳು ಆಕೆ.

೭. ಆದ ಕಾರಣ ಹನ್ನೊಂದನ್ನೂ ಇಳಿಸುವ ಕೋರಿಕೆಯನ್ನು ಈ ಮೂಲಕ ಹಿಂಪಡೆಯಲಾಗಿದೆ. "ಇರ್ಲಿ ಬಿಡ್ರಿ ಅಬ್ರಾರ್ ಭಾಯ್, ತೂಗಾಡ್ಲಿ" ಎನ್ನುತ್ತಾನೆ. ಎಲ್ಲವನ್ನೂ ಕಿತ್ತು ಬಿಸಾಡಿಸು ಮಾರಾಯ ಎಂದು ನಾನು ಎಷ್ಟೋ ಹೇಳಿದೆ. ಆದರೆ ಅರ್ಜಿ ಅವನದು.

ಇಂತಿ, ತಮ್ಮ ಕಟ್ಟಡವನ್ನು ಈಗಲೂ ಕಾಯುತ್ತಿರುವ ತಮ್ಮ ವಿಶ್ವಾಸಿ,
ಹಂಪಣ್ಣ (ಸಹಿ)

ಲಗತ್ತುಗಳು:
೧. ಕಣ್ಣಾಸ್ಪತ್ರೆಯ ಚೀಟಿ.
೨. ಕುಂಕುಮ ಮೆತ್ತಿದ ಇಡ್ಲಿ ಕಾಗದ.
೩. ಅರ್ಜಿದಾರನ ಪಾಸ್‌ಪೋರ್ಟ್ ಅಳತೆಯ ಫೋಟೊ, ನಗುತ್ತಿರುವುದು, ಹೋಲಿಸಿ ನೋಡಲು.

ತಿದ್ದಿದ ಕೋರಿಕೆ: ಬರುವ ಭಾನುವಾರ ಅರ್ಜಿದಾರನಿಗೆ ಅರ್ಧ ದಿನ ರಜೆ ಮಂಜೂರು ಮಾಡಬೇಕು. ಅದರ ಹಿಂದಿನ ದಿನ ತಮ್ಮ ಹೊಸ ಕಟ್ಟಡದಲ್ಲಿ ಮತ್ತೆ ಚಾವಣಿ ಪ್ಲಾಸ್ಟರಿಂಗ್ ಇರುವುದರಿಂದ, ಸಿಮೆಂಟ್ ಬೀಳದಂತೆ ಕಣ್ಣಿಗೆ ಹಾಕಿಕೊಳ್ಳುವ ಕನ್ನಡಕ ಒಂದನ್ನು ಕೊಡಿಸಬೇಕು.